ಮಂಚಿಕೆಯ ಮೇಲೊಬ್ಬ ಅಜ್ಜ, ಮನೆಯೊಳಗೊಬ್ಬ ಅಜ್ಜ

ನಮ್ಮ ಅಜ್ಜನಿಗೆ ಮನೆಯೆಂದರೆ ಉಂಡು ಹೋಗುವ ಜಾಗ. ಮಲಗುವುದು, ಏಳುವುದು, ಎಲೆ ಅಡಿಕೆ, ಮಂದಿಯ ಜಗಳ ಬಗೆಹರಿಸುವುದು ಎಲ್ಲವೂ ಮೂಡಲಗಿ ರಸ್ತೆಯ ಬದಿಯ ಹೊಲದಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಸುದ್ದಿ ಊರಿಗೆಲ್ಲ ಮುಟ್ಟಿ, ಪೇಢೆ ಹಂಚಿ ಮುಗಿದ ಮೇಲೆ ಅವನಿಗೆ ಮುಟ್ಟಿತಂತೆ. ಮುಂದೆ ನಾವು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವೆಂದು ನಾನೇ ಸಾಲಿಯಿಂದ ಓಡಿಹೋಗಿ ಹೇಳಿದಾಗ, ಹಿಂಗಾರಿ ಮಳೆ ಯಾರ ಪಾಲಿಗೆ ಬಂತು ಎಂದು ಕೇಳಿದ. ನಮ್ಮ ಮಾಸ್ತರರಿಗೂ ಅದು ಗೊತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಬಿಳಿಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಹಕ್ಕಿ ಕಾಯಲು ಕಂಬ ನೆಟ್ಟು ಎತ್ತರಕ್ಕೆ ಕಟ್ಟಿದ ಮಂಚಿಕೆಯ ಮೇಲಿಂದ ಅಜ್ಜ ಬಿದ್ದ. ಗೋಕಾಕದ ಡಾಕ್ಟರು ಮುರಿದ ಕಾಲಿಗೆ ಪಟ್ಟಿ ಹಾಕಿ, ಈ ಕಾಲನ್ನು ನೆಲಕ್ಕೆ ಊರಬಾರದು ಎಂದರು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ ನಮ್ಮ ಕಾಕಾ ರಜೆ ಹಾಕಿ ಓಡಿಬಂದ. ಇಸ್ತ್ರಿ ಮಾಡಿದ ಪ್ಯಾಂಟು ಮುದುಡಬಾರದೆಂದು ನಿಂತುಕೊಂಡೇ ದುಃಖಪಟ್ಟ. ಆಮೇಲೆ ತೀರ್ಮಾನ ಹೇಳಿದ: ರಾಶಿ ಮುಗಿಯುತ್ತಲೇ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟುಬಿಡುವುದು, ಅಜ್ಜನನ್ನು ಕಾಯಂ ಆಗಿ ಫಾಲ್ಸಿಗೆ ಒಯ್ಯುವುದು.

"ಕ್ವಾರ್ಟರ್ಸಿನಾಗ ನಳ ಐತಿ, ಲೈಟ್ ಐತಿ, ಅಪ್ಪಾ."

"ಬಾಗಲಾ ಎಷ್ಟು?"

"ಒಂದು."

"ಇಲಿ ಬೋನಿಗೂ ಒಂದ ಇರ್ತೈತಿ," ಎಂದು ಅಜ್ಜ ಹೊರಸಿನ ಮೇಲೆ ಮಲಗಿದಲ್ಲೇ ಗೋಡೆಯ ಕಡೆ ಮುಖ ತಿರುಗಿಸಿದ. ಅವನು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿಯವರೆಗೆ ಹಕ್ಕಿ ಕಾಯುವವರು ಯಾರು? ಕಾಕಾನ ಬೆರಳು ನನ್ನ ಕಡೆ ತಿರುಗಿತು. ಮ್ಯಾಟ್ರಿಕ್ ನಪಾಸಾಗಿ ಮನೆಯಲ್ಲಿದ್ದ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಇನ್ನೊಬ್ಬರ ದನಿ ತೆಗೆಯುವುದು. ಮಾಸ್ತರರ ಕೆಮ್ಮು, ಬಸ್ಸಿನ ಗೇರು ಬೀಳುವಾಗಿನ ನರಳಾಟ, ಅವ್ವ ಮಜ್ಜಿಗೆ ಇದ್ದೂ ಇಲ್ಲವೆನ್ನುವ ಸಿಹಿ ರಾಗ, ಎಲ್ಲ ಕರಗತವಾಗಿದ್ದವು. ಅಜ್ಜನ ದನಿಯಂತೂ ಮನೆತನದ ಆಸ್ತಿ. ಮಂಚಿಕೆ ಏರಿ, ಕವಣೆ ಬೀಸಿ, ಅವನ ಗಂಟಲಿನಲ್ಲಿ "ಹೋ ಹೋ" ಎಂದೆ. ಗುಬ್ಬಿಗಳು ಎದ್ದು ಹೋದವು. ನನ್ನ ಮಾತು ಯಾರಾದರೂ ಕೇಳಿದ್ದು ಅದೇ ಮೊದಲು.

ದಾರಿಯಲ್ಲಿ ಹೋಗುವವರಿಗೆ ಎತ್ತರದ ಜೋಳದ ನಡುವೆ ಮಂಚಿಕೆ ಮೇಲಿನ ಮುಂಡಾಸು ಮಾತ್ರ ಕಾಣುತ್ತಿತ್ತು. ಅದು ಅಜ್ಜನದೇ. "ಆರಾಮ ಆದ್ರೇನ್ರಿ ಯಜಮಾನ್ರ?" ಎನ್ನುವರು. ನಾನು ಅಜ್ಜನಾಗಿಯೇ ಉತ್ತರ ಕೊಡುತ್ತಿದ್ದೆ, ಕೇಳದ ಸಲಹೆಯನ್ನೂ ಸೇರಿಸಿ. ಊರಿನಲ್ಲಿ ಕಾಕಾನನ್ನು ಕೇಳಿದರೆ ಅವನೂ ಹೌದು, ಅಪ್ಪ ಹೊಲದಲ್ಲೇ ಇದ್ದಾನೆ ಎನ್ನುತ್ತಿದ್ದ. ಗಿರಣಿಯ ಪಗಾರ ತಿನ್ನುವ ಮಗ ಮುದುಕನನ್ನು ಮಂಚಿಕೆಗೆ ಏರಿಸಿ ಕೆಡವಿದ ಎಂದು ಮಂದಿ ಆಡಿಕೊಂಡಾರೆಂಬ ಭಯ ಅವನಿಗೆ. ಬರೀ ಉಳುಕು, ಎರಡು ದಿನದಲ್ಲಿ ಹೋಯಿತು ಎಂದು ಸಾರಿಬಿಟ್ಟಿದ್ದ.

ಬಾಜೂ ಹೊಲದ ರೈತನಿಗೆ ಬದುವನ್ನು ವರ್ಷಕ್ಕಿಷ್ಟು ನಮ್ಮ ಕಡೆ ಸರಿಸುವ ಚಟ. ಒಂದು ಮುಂಜಾನೆ ಅವನು ಸಲಿಕೆ ಹಿಡಿದು ಬಗ್ಗಿದ್ದನ್ನು ಕಂಡು, ಅಜ್ಜನ ದನಿಯಲ್ಲಿ ಅವನ ಹಿರಿಯರನ್ನೆಲ್ಲ ಒಂದು ಸುತ್ತು ವಿಚಾರಿಸಿಕೊಂಡೆ. ಅವನು ಸಲಿಕೆ ಒಗೆದು ನೆಟ್ಟಗೆ ನಮ್ಮ ಮನೆಗೆ ಹೊರಟ. ನನ್ನ ನಾಲಿಗೆ ಗಟ್ಟಿ, ಎದೆ ಅಷ್ಟಲ್ಲ. ಅಡ್ಡದಾರಿ ಹಿಡಿದು ಓಡಿ ಹಿತ್ತಲ ಬಾಗಿಲ ಹಿಂದೆ ನಿಂತೆ.

ಅವನು ಪಡಸಾಲೆಯಲ್ಲಿ ಕಾಕಾನ ಮುಂದೆ ಕೂಗಾಡುತ್ತಿದ್ದ: ವಯಸ್ಸಾದವರು ಆಡುವ ಮಾತೇ ಅದು, ಮಂಚಿಕೆ ಮೇಲೆ ಕೂತು ಕಳ್ಳ ಅಂದರು. ಒಳಗಿನ ಕೋಣೆಯಿಂದ ಅದೇ ದನಿ ಬಂತು.

"ಅಂದದ್ದು ಖರೆ."

ಅವನು ಕೋಣೆಯ ಕಡೆ ತಿರುಗಿದ. "ನನಗಿಂತ ಮೊದಲ ಹೆಂಗ ಬಂದ್ರಿ ಯಜಮಾನ್ರ?"

"ನಾ ಎಲ್ಲಿ ಅದೀನಿ ಅನ್ನೂದು ನನಗ ಗೊತ್ತಿಲ್ಲಪಾ. ನನ್ನ ಮಗನ್ನ ಕೇಳು."

ಕಾಕಾ ಬೆವರು ಒರೆಸಿಕೊಂಡ. ಕಾಲು ಮುರಿದಿದೆ ಎನ್ನಬೇಕು, ಇಲ್ಲವೇ ಇಷ್ಟು ದಿನ ಹೇಳಿದ್ದನ್ನೇ ಹೇಳಬೇಕು. ಗಿರಣಿಯಲ್ಲಿ ಸಾಹೇಬರ ಮುಂದೆ ನಿಂತಾಗಲೂ ಅವನ ಮುಖ ಹಾಗೆಯೇ ಇರುತ್ತಿತ್ತೇನೋ. ಕೊನೆಗೆ ಸಣ್ಣಗೆ, "ಅಪ್ಪ ಹೊಲದಾಗ ಅದಾನ" ಎಂದ.

"ಕೇಳಿದ್ಯಾ? ಮಗ ಅಂತಾನ, ಊರು ಅಂತೈತಿ, ನೀನೂ ಕಣ್ಣಾರೆ ನೋಡಿ ಬಂದೀ. ಹಂಗಾದ್ರ ನಾ ಇಲ್ಲಿ ಮಲಗೂದು ತಪ್ಪು. ಗಾಡಿ ಹೂಡ್ರಿ."

"ಡಾಕ್ಟರು ಕಾಲು ನೆಲಕ್ಕ ಊರಬ್ಯಾಡ ಅಂದಾರ," ಎಂದು ಕಾಕಾ ಗೊಣಗಿದ.

"ಗಾಡಿ ನೆಲ ಅಲ್ಲ. ಹೊರಸೂ ನೆಲ ಅಲ್ಲ."

ಬೈಸಿಕೊಂಡವನೇ ಹೊರಸಿನ ಒಂದು ತುದಿ ಹಿಡಿದ, ಕಾಕಾ ಇನ್ನೊಂದು. ಹೊರಸನ್ನು ಅಜ್ಜನ ಸಮೇತ ಗಾಡಿಗೆ ಏರಿಸಿ, ಹೊಲದಲ್ಲಿ ಮಂಚಿಕೆಯ ನೆರಳಿಗೆ ಇಳಿಸಿದರು. ಕಾಕಾನ ಪ್ಯಾಂಟಿನ ಇಸ್ತ್ರಿ ಅಲ್ಲಿಗೆ ಮುಗಿಯಿತು. ಅಜ್ಜ ಮಲಗಿದಲ್ಲಿಂದಲೇ ಬದು ನೋಡಿದ, ತೆನೆ ನೋಡಿದ, ಕೈಗೆ ಎಟುಕಿದ ದಂಟನ್ನು ಮುಟ್ಟಿ ನೋಡಿದ. ಮಗನ ಕಡೆ ತಿರುಗಿ, ನಿನಗೆ ಗಿರಣಿಗೆ ಹೊತ್ತಾಗುವುದಿಲ್ಲವೇ ಎಂದು ಮೆತ್ತಗೆ ಕೇಳಿದ. ಪಾಲಿಗೆ ಕೊಡುವ ಮಾತನ್ನು ಕಾಕಾ ಮತ್ತೆ ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಒಬ್ಬನೇ ಹೋದ.

ನಾನು ಮಂಚಿಕೆ ಏರಿ, ಎಂದಿನಂತೆ ಅಜ್ಜನ ಗಂಟಲು ತೆಗೆದೆ.

"ಲೇ ಖೋಡಿ," ಕೆಳಗಿನಿಂದ ದನಿ ಬಂತು, "ನಾ ಇಲ್ಲೇ ಅದೀನಲ್ಲ. ನಿನ್ನ ದನಿ ತಗಿ."

ಅದೊಂದನ್ನು ನಾನು ರೂಢಿ ಮಾಡಿಕೊಂಡಿರಲಿಲ್ಲ. ಬಾಯಿ ತೆರೆದೆ. ಮೇಕೆಯ ಮರಿಯ ಕೊರಳಿಗೆ ಹಗ್ಗ ಬಿಗಿದಂತೆ ಏನೋ ಹೊರಬಂತು. ಒಂದು ಗುಬ್ಬಿಯೂ ತೆನೆ ಬಿಟ್ಟು ಏಳಲಿಲ್ಲ. ಅಜ್ಜ ಹೊರಸು ಕಿರುಗುಟ್ಟುವಂತೆ ನಕ್ಕ, ಕಾಲು ನೋಯಿತೆಂದು ನನ್ನನ್ನೇ ಬೈದ, ಆಮೇಲೆ ಮಲಗಿದಲ್ಲಿಂದಲೇ ಒಂದು ಸಲ ಕೂಗು ಹಾಕಿದ. ಇಡೀ ಹೊಲದ ಹಕ್ಕಿ ಎದ್ದು ರಸ್ತೆಯ ಆಚೆಗೆ ಹೋಯಿತು.