ಬೇರೆ ಕಟ್ಟಿದ ಓಮದ ಪೊಟ್ಟಣ

ಇವತ್ತು ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ. ಬೆಳ್ತಂಗಡಿ ಕಡೆಯ ಮೊದಲ ಬಸ್ಸಿನ ಕಂಡಕ್ಟರು ಮೂಡಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೊಂದು ಪ್ಲಾಸ್ಟಿಕ್ ತೊಟ್ಟೆ ಕೊಟ್ಟರು. ದೊಡ್ಡಮ್ಮ ಪ್ರತಿವರ್ಷ ಕಳಿಸುವ ಹಾಲೆಮರದ ತೊಗಟೆ. ಈ ದಿನ ನಮ್ಮ ಕಡೆ ಖಾಲಿ ಹೊಟ್ಟೆಗೆ ಅದರ ಕಷಾಯ ಕುಡಿಯುತ್ತಾರೆ. ಎಷ್ಟು ಕಹಿ ಎಂದು ತಿಳಿಯಲು ನೀವು ಕುಡಿಯಬೇಕಿಲ್ಲ, ಕುಡಿದವರ ಮುಖ ನೋಡಿದರೆ ಸಾಕು. ಯಾವಾಗಲೂ ಮಸಾಲೆ ಸೇರಿಸಿ ಜಜ್ಜಿಯೇ ಕಳಿಸುವವರು ಈ ಸಲ ಓಮ, ಒಳ್ಳೆಮೆಣಸಿನ ಕಾಳನ್ನು ಸಣ್ಣ ಪೊಟ್ಟಣದಲ್ಲಿ ಬೇರೆ ಕಟ್ಟಿದ್ದರು. ಓಮದ ವಾಸನೆ ಮೂಗಿಗೆ ಬಡಿದದ್ದೇ ಪೊಟ್ಟಣವನ್ನು ತಟ್ಟನೆ ಮುಚ್ಚಿದೆ.

ಯಾಕೆಂದರೆ, ಹತ್ತು ವರ್ಷದ ಹಿಂದೆ ಇದೇ ಊರಿನ ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದುವಾಗ ಈ ತೊಗಟೆಯ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯಲು ಹೊರಟವಳು ನಾನು. ಹೆಸರು ಕೇಳಿ ಹೆದರಬೇಡಿ. ಕಡು ನೇರಳೆ ಬಣ್ಣದ ದ್ರಾವಣಕ್ಕೆ ಗಿಡದ ಸಾರ ಸೇರಿಸಿ ಅರ್ಧ ಗಂಟೆ ಕತ್ತಲಲ್ಲಿ ಇಡುವುದು. ಸಾರದಲ್ಲಿ ಶಕ್ತಿ ಇದ್ದಷ್ಟೂ ನೇರಳೆ ಮಾಸಿ ಹಳದಿಯಾಗುತ್ತದೆ. ಎಷ್ಟು ಮಾಸಿತೆಂದು ಯಂತ್ರ ಹೇಳುತ್ತದೆ. ಅಮಾವಾಸ್ಯೆಯ ನಸುಕಿನಲ್ಲಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಗೂ ಬೇರೆ ದಿನದ ತೊಗಟೆಗೂ ವ್ಯತ್ಯಾಸ ಉಂಟೇ ಎಂಬುದು ನನ್ನ ಪ್ರಶ್ನೆ.

ಬೇರೆ ದಿನದ್ದನ್ನು ನಾನೇ ತಂದೆ. ಅಮಾವಾಸ್ಯೆಯದನ್ನು ದೊಡ್ಡಮ್ಮ ಒಣಗಿಸಿ ಪುಡಿ ಮಾಡಿ, ಹಳೆಯ ಓಮದ ಡಬ್ಬಿಯಲ್ಲಿ ಕಳಿಸಿದರು. ಓಮದ ವಾಸನೆ ಬಂದಿತ್ತು. ಡಬ್ಬಿಯದ್ದೆಂದುಕೊಂಡೆ. ವಿಜ್ಞಾನ ಓದುವವಳ ಮೂಗು ಅಷ್ಟು ಚುರುಕು.

ನನ್ನ ತೊಗಟೆಯ ಟ್ಯೂಬು ಹೆಚ್ಚೇನೂ ಮಾಸಲಿಲ್ಲ. ದೊಡ್ಡಮ್ಮನದ್ದು ಹಳದಿಯಾಯಿತು. ಕುಣಿದುಬಿಟ್ಟೆ. ಫೋನ್ ಮಾಡಿ ಹೇಳಿದ್ದೇ ತಡ, ಅಮಾವಾಸ್ಯೆಯನ್ನು ಕಾಲೇಜಿನ ಮಿಷನ್ನೂ ಒಪ್ಪಿಕೊಂಡಿತೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮುಂದಿನ ವಾರ ಊರಿಗೆ ಹೋದಾಗ ದೊಡ್ಡಮ್ಮ ಗಂಜಿ ಬಡಿಸುತ್ತಾ ಕೇಳಿದರು: “ನಿಮ್ಮ ಲ್ಯಾಬಿನವರಿಗೆ ಹೊಟ್ಟೆ ಉರಿಯಲಿಲ್ಲ ಅಲ್ವಾ?”

“ಅದನ್ನು ಯಾರೂ ಕುಡಿಯುವುದಿಲ್ಲ ದೊಡ್ಡಮ್ಮ.”

“ಕುಡಿದರೆ? ಬರೀ ತೊಗಟೆ ಕೊಟ್ಟು ಕಳಿಸ್ಲಿಕ್ಕೆ ಆಗ್ತದಾ ಮಾರಾಯ್ತಿ? ಅದಕ್ಕೇ ಓಮ, ಒಳ್ಳೆಮೆಣಸು, ಬೆಳ್ಳುಳ್ಳಿ ಎಲ್ಲ ಒಟ್ಟಿಗೇ ಪುಡಿ ಮಾಡಿದ್ದು.”

ನೇರಳೆ ಬಣ್ಣ ಮಾಸುವಂತೆ ಮಾಡುವ ಶಕ್ತಿ ಓಮಕ್ಕೂ ಮೆಣಸಿಗೂ ಧಾರಾಳ ಉಂಟು. ಆದರೆ ಅವರ ಮುಖದ ಸಂತೋಷ ನೋಡಿ ಇನ್ನೊಂದು ಸೌಟು ಗಂಜಿ ಹಾಕಿಸಿಕೊಂಡೆ.

ಎಲ್ಲ ಕೇಳಿದ ನಮ್ಮ ಪ್ರಾಜೆಕ್ಟಿನ ಸರ್ ಹೇಳಿದ್ದು ಒಂದೇ ಮಾತು: “ಇನ್ನೊಮ್ಮೆ ಮಾಡುವ.” ಆಚೆಮನೆಯ ಗಿರಿಜಕ್ಕ ಒಣಗಿಸಿಟ್ಟಿದ್ದ ಅಮಾವಾಸ್ಯೆಯ ತೊಗಟೆಯನ್ನು ಗುಟ್ಟಾಗಿ ಕೇಳಿ ತಂದು ಅಳೆದೆ. ಅಮಾವಾಸ್ಯೆಯದೂ ಬೇರೆ ದಿನದ್ದೂ ಒಂದೇ. ವರದಿಯಲ್ಲಿ ಹಾಗೆಯೇ ಬರೆದೆ, ದೊಡ್ಡಮ್ಮನಿಗೆ ಮಾತ್ರ ಹೇಳಲಿಲ್ಲ. ಅವರೂ ಆಮೇಲೆ ಮಿಷನಿನ ಸುದ್ದಿ ಎತ್ತಲಿಲ್ಲ. ಮರೆತರೆಂದು ಸಮಾಧಾನಪಟ್ಟೆ.

ನನ್ನ ಗೊಂದಲ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಊರವರು ಕುಡಿಯುವುದು ಬರೀ ತೊಗಟೆಯನ್ನಲ್ಲವಲ್ಲ? ದೊಡ್ಡಮ್ಮ ಕಳಿಸಿದ್ದೇ ನಿಜವಾದ ಕಷಾಯ. ಹಾಗಾದರೆ ನಾನು ತಪ್ಪಾಗಿ ಅಳೆದದ್ದು ಮೊದಲ ಸಲವೋ, ಎರಡನೆಯ ಸಲವೋ? ನಿಮಗೆ ತಿಳಿದರೆ ಹೇಳಿ.

ಇವತ್ತು ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿದೆ. “ಓಮ ಯಾಕೆ ಬೇರೆ ಕಟ್ಟಿದ್ದು ದೊಡ್ಡಮ್ಮ?”

“ಈ ವರ್ಷದಿಂದ ನೀನು ಕಾಲೇಜಿನಲ್ಲಿ ಮಕ್ಕಳಿಗೆ ಕಲಿಸುವವಳಲ್ವಾ. ಅಳೆಯುವುದಾದರೆ ಸರಿಯಾಗಿ ಅಳೆ.”

“ನಿಮಗೆ ಗೊತ್ತಿತ್ತಾ?”

“ನೀನು ಮಸಾಲೆ ಹಾಕದ ತೊಗಟೆ ಕೇಳಿ ತಕೊಂಡು ಹೋದದ್ದನ್ನು ಗಿರಿಜ ಅವತ್ತೇ ಹೇಳಿದ್ದಾಳೆ.”

“ಮತ್ತೆ ಇಷ್ಟು ವರ್ಷ ನೀವು ಏನೂ ಹೇಳಲೇ ಇಲ್ಲ?”

“ನೀನು ಹೇಳ್ತಿಯೋ ಅಂತ ಕಾದೆ. ಹೋಗು, ಕಷಾಯ ಮಾಡಿ ಕುಡಿ. ಹೊತ್ತಾಯ್ತು.”

ಮನೆಗೆ ಬಂದು ತೊಗಟೆಯನ್ನು ಎರಡು ಪಾಲು ಮಾಡಿದೆ. ಒಂದನ್ನು ಲ್ಯಾಬಿಗೆಂದು ತೆಗೆದಿಟ್ಟೆ. ಇನ್ನೊಂದಕ್ಕೆ ಪೊಟ್ಟಣದಲ್ಲಿದ್ದದ್ದನ್ನೆಲ್ಲ ಹಾಕಿ ಕುದಿಸಿ ಕುಡಿದೆ. ಅಷ್ಟು ಓಮ ಹಾಕಿದರೂ ಕಹಿ ಕಡಿಮೆಯಾಗಲಿಲ್ಲ.