ಸ್ಟೋನ್ ಎಂಬ ಮಾನನೀಯ ಕಲ್ಲು

ನನ್ನ ಹೊಟ್ಟೆಯಲ್ಲಿ ಕಲ್ಲಿತ್ತೆಂದು ನಾನು ಯಾರಿಗೂ ಹೇಳಿಲ್ಲ. ಸ್ಟೋನ್ ಇತ್ತೆಂದು ಮಾತ್ರ ಅರ್ಧ ಸೊಲ್ಲಾಪುರಕ್ಕೆ ಹೇಳಿದ್ದೇನೆ. ಕಲ್ಲು ಅಂದರೆ ಜೋಳ ಹಸನು ಮಾಡುವಾಗ ಆರಿಸಿ ಎಸೆಯುವ ಪದಾರ್ಥ. ಸ್ಟೋನ್ ಹಾಗಲ್ಲ, ಅದಕ್ಕೊಂದು ಮರ್ಯಾದೆಯಿದೆ. ನಾನು ಪಾಠ ಹೇಳುವ ಕನ್ನಡ ಶಾಲೆಯ ಸ್ಟಾಫ್‌ರೂಮಿನಲ್ಲಿ ನನ್ನ ಸೋನೋಗ್ರಫಿ ರಿಪೋರ್ಟನ್ನು ಮದುವೆಯ ಆಲ್ಬಮ್ಮಿನ ಹಾಗೆ ಎಲ್ಲರ ಕೈಗೂ ದಾಟಿಸಿದೆ. ಮರಾಠಿ ಕಲಿಸುವ ಟೀಚರಬಾಯಿಯವರು ತಮ್ಮದು ಇದಕ್ಕಿಂತ ಎರಡು ಮಿಲಿಮೀಟರ್ ದೊಡ್ಡದಿತ್ತು ಎಂದುಬಿಟ್ಟರು. ಆ ಹೊತ್ತಿಗೆ ಹೊಟ್ಟೆನೋವಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಈ ಒಂದು ಪದ ನಮ್ಮ ಕಡೆ ಮಾಡದ ಕೆಲಸವಿಲ್ಲ. ನಮ್ಮ ಮನೆಯವರ ಬೆರಳಲ್ಲೂ ಒಂದು ಸ್ಟೋನ್ ಇದೆ, ಹಳದಿಯದು. ಅಕ್ಕಲಕೋಟದ ಜ್ಯೋತಿಷಿಯೊಬ್ಬ "ಈ ಸ್ಟೋನ್ ಮೈಗೆ ಹತ್ತಿತಂದ್ರ ಪ್ರಮೋಶನ್ ತಾನಾಗೇ ಬರ್ತದ್ರಿ ಸಾಹೇಬ್ರ" ಎಂದು ತೊಡಿಸಿ ಕಳಿಸಿದ. ಆರು ವರ್ಷವಾಯಿತು, ಇವರು ಅದೇ ಕುರ್ಚಿಯಲ್ಲಿದ್ದಾರೆ. ಕೇಳಿದರೆ, "ಸ್ಟೋನ್ ಇರದಿದ್ರ ಈ ಖುರ್ಚೀನೂ ಹೋಗತಿತ್ತು" ಅನ್ನುತ್ತಾರೆ. ಇಂಥ ತರ್ಕಕ್ಕೆ ಉತ್ತರ ಕೊಡಬಾರದು, ಚಹಾ ಕೊಡಬೇಕು. ಇನ್ನು ಸ್ಟೋನ್ ಹಚ್ಚಿದ ಸೀರೆ. ಎರಡು ಸಲ ಒಗೆದರೆ ಸೀರೆ ಬೋಳಾಗಿ, ಸ್ಟೋನ್‌ಗಳೆಲ್ಲ ಬಚ್ಚಲ ಮೋರಿಯಲ್ಲಿ ಮಿನುಗುತ್ತವೆ. ಇಂಗ್ಲಿಷರಾದರೂ ಕಡಿಮೆಯೇ? ಮೈತೂಕಕ್ಕೂ ಅದೇ ಪದ, ಮಾವಿನ ಗೊರಟೆಗೂ ಅದೇ. ಹರಳು, ಗುಂಡು, ಬಂಡೆ, ಗೊರಟೆ ಎಂದು ಒಂದೊಂದಕ್ಕೆ ಒಂದೊಂದು ಹೆಸರಿಟ್ಟ ನಮ್ಮ ಹಿರಿಯರನ್ನು ಬಿಟ್ಟು, ಈ ಬಡವರ ಪದವನ್ನು ತಂದು ಮೆರೆಸುತ್ತಿದ್ದೇವಲ್ಲ, ನಮಗೆ ಏನೆನ್ನಬೇಕು.

ಆದರೆ ಇವೆಲ್ಲ ಪಾಪದ ಸ್ಟೋನ್‌ಗಳು. ನನ್ನ ಪಿತ್ತ ಕೆರಳಿಸುವುದು ಫೌಂಡೇಶನ್ ಸ್ಟೋನ್.

ಮೈಂದರ್ಗಿಯಲ್ಲಿ ನಮ್ಮ ಚಿಗವ್ವ, ಅಂದರೆ ತಾಯಿಯ ತಂಗಿ, ಇದ್ದಾಳೆ. ಅವಳ ಗಂಡ, ನಮ್ಮ ಗುರುಸಿದ್ಧಪ್ಪ ಕಾಕಾ, ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಓದಲು ಬಾರದವರಿಗೆ ಪೇಪರ್ ಓದಿ ಹೇಳುತ್ತಿದ್ದರು. ಅವರು ತೀರಿದ ಮೇಲೆ, ಅವರ ಹೆಸರು ಊರಲ್ಲಿ ಉಳಿಯಲೆಂದು ಚಿಗವ್ವ ಮನೆಯ ಮಗ್ಗುಲ ಜಾಗವನ್ನು ವಾಚನಾಲಯಕ್ಕೆ ಬಿಟ್ಟುಕೊಟ್ಟಳು. ಅವಳಿಗೆ ಬೇಕಾದದ್ದು ಅದೊಂದೇ. ಜೀಪುಗಳು ಬಂದವು, ತೆಂಗಿನಕಾಯಿ ಒಡೆಯಿತು, ಕಪ್ಪು ಗ್ರಾನೈಟಿನ ಸ್ಟೋನ್ ನಿಂತಿತು. ವಾಚನಾಲಯ ಮಾತ್ರ ಇನ್ನೂ ಬಂದಿಲ್ಲ. ಸದ್ಯ ಅಲ್ಲಿ ಆ ಕಲ್ಲಿಗೆ ಒರಗಿ ಒಂದು ಎಮ್ಮೆ ಮೆಲುಕು ಹಾಕುತ್ತದೆ. ಇಷ್ಟು ದಿನದಲ್ಲಿ ಆ ಕಲ್ಲಿನಿಂದ ಉಪಯೋಗ ಕಂಡ ಜೀವ ಅದೊಂದೇ.

ಹೋದ ತಿಂಗಳು ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಹೋಗಿದ್ದೆ. ಚಪ್ಪಲಿ ಬಿಡುವ ಮೊದಲೇ ಚಿಗವ್ವ ಕೈಹಿಡಿದು ಅಲ್ಲಿಗೆ ಕರೆದೊಯ್ದಳು. ಅವಳಿಗೆ ಅಕ್ಷರ ಬಾರದು. "ಓದವಾ ಒಂದೀಟು. ನಿಮ್ಮ ಕಾಕಾನ ಹೆಸರು ಎಲ್ಲಿ ಅದ ತೋರಸು" ಅಂದಳು.

ಓದಿದೆ. ಮರಾಠಿಯಲ್ಲಿ ಹನ್ನೊಂದು ಹೆಸರುಗಳು, ಒಬ್ಬೊಬ್ಬರ ಹಿಂದೆಯೂ ಒಂದು 'ಮಾನನೀಯ'. ಕಲ್ಲಿಟ್ಟದ್ದು ಯಾರ 'ಶುಭಹಸ್ತೆ', ಯಾರ 'ಪ್ರಮುಖ ಉಪಸ್ಥಿತಿ', ಎಲ್ಲವೂ ಇತ್ತು. ಮಂಟಪ ಹಾಕಿದವನ ಹೆಸರು ಕೂಡ 'ಸೌಜನ್ಯ' ಎಂದು ಮೂಲೆಯಲ್ಲಿ ಕೂತಿತ್ತು. ಜಾಗ ಕೊಟ್ಟವಳದಾಗಲಿ, ಯಾರ ನೆನಪಿಗೆ ಕೊಟ್ಟಳೋ ಅವರದಾಗಲಿ ಇರಲಿಲ್ಲ. ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಎಲ್ಲಕ್ಕಿಂತ ಮೇಲಿನ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೇ ಅದ ನೋಡು ಚಿಗವ್ವ. ಶ್ರೀ ಗುರುಸಿದ್ಧಪ್ಪ ಅವರ ಸ್ಮರಣಾರ್ಥ, ದೊಡ್ಡ ಅಕ್ಷರದಾಗ" ಅಂದೆ.

ಚಿಗವ್ವ ಸೆರಗಿನಿಂದ ಆ ಸಾಲನ್ನು ಒರೆಸಿ ಸಣ್ಣಗೆ ನಕ್ಕಳು. "ಪೋಸ್ಟಮನ್ ಎಲ್ಲಾರ ಕೆಳಗ ಅದ ಅಂದ. ಆ ನರ್ಸಬಾಯಿ ನಡುವ ಅದ ಅಂದ್ಲು. ನೀ ಮ್ಯಾಲ ಅಂತಿ. ಇಲ್ಲಂತ ನನಗ ಗೊತ್ತದವಾ."

"ಮತ್ತ ಯಾಕ ಓದಸ್ತಿ?" ಅಂದೆ.

"ಗಂಡನ ಹೆಸರು ನಾ ಬಾಯಿಂದ ಹೇಳಂಗಿಲ್ಲಲ್ಲ. ನಲವತ್ತು ವರ್ಷ ಹೇಳಿಲ್ಲ, ಈಗ ಹೆಂಗ ಹೇಳಲಿ? ಬಂದವರ ಬಾಯಾಗರೆ ಕೇಳೂಣಂತ ಓದಸ್ತೀನಿ."

ನಾನು ಆ ಕಲ್ಲನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ, ನಿಧಾನವಾಗಿ, ಗಟ್ಟಿಯಾಗಿ. ಈ ಸಲ ಹನ್ನೊಂದೂ ಮಾನನೀಯರನ್ನು ಬಿಟ್ಟು, ಪ್ರತಿ ಸಾಲಿನಲ್ಲೂ ಕಾಕಾನ ಹೆಸರನ್ನೇ ಓದಿದೆ.