ಅದೇ ಹೆಂಡತಿಯ ಜೊತೆ ಎರಡನೆಯ ಮದುವೆ

ಧಾರವಾಡದ ನಮ್ಮ ಮನೆಯಲ್ಲಿ ನನ್ನ ಶ್ರಾದ್ಧ ನಡೆದಾಗ ನಾನು ಜರ್ಮನ್ನರ ಸೆರೆಯಲ್ಲಿ ಕೂತು ಬಟಾಟೆ ಸುಲಿಯುತ್ತಿದ್ದೆ. ಯುದ್ಧದ ಕಾಲ. ಮುಂಬಯಿಯಿಂದ ಹೊರಟ ಸರಕಿನ ಹಡಗಿನಲ್ಲಿ ನಾನು ಗುಮಾಸ್ತ. ನಡುಸಮುದ್ರದಲ್ಲಿ, ವ್ಯಾಪಾರದ ಹಡಗಿನ ವೇಷ ಹಾಕಿಕೊಂಡು ಬಂದ ಶತ್ರುಗಳು ನಮ್ಮ ಮೇಲೆ ಗುಂಡು ಹಾರಿಸಿದರು. ಹಡಗು ಮುಳುಗಿತು. ಉಳಿದವರನ್ನು ನೀರಿನಿಂದ ಎಳೆದು ತಮ್ಮ ಹಡಗಿನ ತಳದಲ್ಲಿ ತುಂಬಿದರು. ಅಲ್ಲಿ ಹಗಲು ರಾತ್ರಿ ಒಂದೇ. ಬರೀ ಎಣ್ಣೆಯ ವಾಸನೆ. ಆಮೇಲೆ ಹಿಮ ಬೀಳುವ ನಾಡು, ಮುಳ್ಳುತಂತಿಯ ಬೇಲಿ. ಮಡಿವಂತರ ಮನೆಯ ಮಗ ನಾನು, ಮಾಂಸದ ಸಾರಿನಲ್ಲಿ ಬಟಾಟೆ ಹುಡುಕಿ ತಿಂದು ಜೀವ ಹಿಡಿದುಕೊಂಡೆ.

ಊರಿಗೆ ಮುಟ್ಟಿದ್ದು ಹಡಗು ಮುಳುಗಿದ ಸುದ್ದಿಯಷ್ಟೇ. ಒಂದೆರಡು ವರ್ಷ ದಾರಿ ನೋಡಿ, ಮನೆಯ ಹಿರಿಯರು ದರ್ಭೆಯ ಬೊಂಬೆ ಮಾಡಿ, ಅದೇ ನಾನೆಂದು ಸುಟ್ಟು, ನನ್ನ ಹೆಂಡತಿಯ ತಲೆ ಬೋಳಿಸಿದ್ದರು.

ಯುದ್ಧ ಮುಗಿದು ನಾನು ಬದುಕಿ ಬಂದಾಗ ಶಾಸ್ತ್ರ ಪೇಚಿಗೆ ಸಿಕ್ಕಿತು. ಸತ್ತವನು ಮನೆಯೊಳಗೆ ಬರಬೇಕಾದರೆ ಮತ್ತೆ ಹುಟ್ಟಬೇಕು ಎಂದರು ಭಟ್ಟರು. ಮೈಗೆ ತುಪ್ಪ ಸವರಿ ಮೀಯಿಸಿದರು. ಗಡ್ಡ ನರೆತ ಈ ಕೂಸನ್ನು ಅವ್ವನ ತೊಡೆಯ ಮೇಲೆ ಮಲಗಿಸಿ ಕಿವಿಯಲ್ಲಿ ಹೆಸರು ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಅವ್ವ ಮಾತ್ರ ಎಲುಬು ಕಾಣುವ ನನ್ನ ಎದೆಯ ಮೇಲೆ ಕೈಯಾಡಿಸುತ್ತ, "ಈ ಸರ್ತಿ ನಿನ್ನ ಎಲ್ಲೂ ಕಳಸೂದಿಲ್ಲ, ಸುಮ್ನ ಮಲಕೊ," ಅಂದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಹುಟ್ಟಿದ್ದಾಯಿತು. ಇನ್ನು ಅದೇ ಹೆಂಡತಿಯ ಜೊತೆ ಮತ್ತೆ ಮದುವೆ ಆಗಬೇಕಿತ್ತು. ಭಟ್ಟರು ಪಂಚಾಂಗ ತೆಗೆದು, ನಾಳಿದ್ದೇ ಮುಹೂರ್ತ ಇದೆ ಎಂದರು. ವಿಧವೆಯರುಡುವ ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳು, ಸಟ್ಟನೆ ಒಳಗೆ ಹೋಗಿ ಕದ ಹಾಕಿಕೊಂಡಳು.

ನಾನು ಕದದ ಹೊರಗೆ ಕೂತೆ. "ನಿನಗ ನಾ ಬ್ಯಾಡೇನು?"

"ಸಣ್ಣಾಕಿದ್ದಾಗ ಮದಿವಿ ಮಾಡಿದ್ರು, ಕೇಳಲಿಲ್ಲ. ತಲಿ ಬೋಳಿಸಿದ್ರು, ಕೇಳಲಿಲ್ಲ. ಈಗೂ ಭಟ್ರನ್ನ ಕೇಳ್ಯಾರ. ನನ್ನ ಯಾರರೆ ಕೇಳ್ಯಾರೇನ್ರಿ?"

ಸೆರೆಯಲ್ಲಿ ದಿನಾ ನೆನೆದ ಮುಖ ಆ ಕದದ ಆಚೆಗಿತ್ತು. ಅವಳು ಒಲ್ಲೆ ಅಂದುಬಿಟ್ಟರೆ ಬದುಕಿ ಬಂದದ್ದೇ ದಂಡ ಅನ್ನಿಸಿತು. ಆದರೂ ಅವಳು ಹೇಳಿದ್ದು ಖರೇ ಇತ್ತು.

"ನಾ ಕೇಳ್ತೇನಿ," ಅಂದೆ. "ನನ್ನ ಮದಿವಿ ಆಗ್ತೀಯೇನು?"

ಒಳಗೆ ಒಲೆಯ ಮೇಲಿನ ಸಾರು ಉಕ್ಕಿದ ಸಪ್ಪಳ ಕೇಳಿತು.

"ಕೂದಲಾ ಬೆಳೀಲಿ," ಅಂದಳು ಕೊನೆಗೆ. "ಹೆರಳಾಗ ಹೂ ನಿಲ್ಲೂವಷ್ಟು. ಬೋಳು ತಲೀಲೆ ನಾ ಹಸಿಮಣಿ ಏರೂದಿಲ್ಲ. ಅಲ್ಲೀತನಕ ಕಾಯ್ತೀರೇನು?"

ಭಟ್ಟರು ಗೊಣಗುತ್ತ ಪಂಚಾಂಗ ಮಡಚಿದರು. ನಾನು ಜಗಲಿಯ ಮೇಲೆ ಹಾಸಿಗೆ ಹಾಸಿದೆ. ಮಳೆ ಹೋಯಿತು, ಚಳಿ ಬಂತು, ಬಿಸಿಲಾಯಿತು, ಮತ್ತೆ ಮಳೆ ಹಿಡಿಯಿತು. ಓಣಿಯವರು ನಕ್ಕರು, ನಗಲಿ ಬಿಡಿ.

ಒಂದು ಮುಂಜಾನೆ ಅವಳು ಜಗಲಿಗೆ ಬಂದು, ಸೆರಗು ಇಳಿಸಿ, ನನ್ನ ಕಡೆ ಬೆನ್ನು ಮಾಡಿ ಕೂತಳು. ಕೂದಲು ಕುತ್ತಿಗೆ ದಾಟಿತ್ತು. ಬಾಚಣಿಗೆಯನ್ನು ಹಿಂದಕ್ಕೆ ಚಾಚಿ ನನ್ನ ಕೈಗೆ ಕೊಟ್ಟು, "ಭಟ್ರನ್ನ ಕರಸ್ರಿ," ಅಂದಳು.